ಮೆಳ್ಳೆಗಣ್ಣಿಯ ಎಡಗೆನ್ನೆ

ಮೆದಾರ್ದೊ ಸೆತ್ತಿಯನ್ನು ಬೀದಿಯಲ್ಲಿ ಕಂಡರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಗಿಡ್ಡ ಆಳು, ಬೊಕ್ಕತಲೆ, ಮಾತಿಗೆ ಬಡವ. ಚಳಿಗಾಲ ಬೇಸಿಗೆ ಎರಡಕ್ಕೂ ಒಂದೇ ಕಂದು ಕೋಟು. ಎಪ್ಪತ್ನಾಲ್ಕು ವರ್ಷದ ಈ ಮನುಷ್ಯನ ಅಂಗೈಯನ್ನು ಮಾತ್ರ ನಾನು ಹದಿನಾರನೇ ವಯಸ್ಸಿನಿಂದ ನೋಡುತ್ತಿದ್ದೇನೆ. ತಗಡಿನ ಮೇಲೆ ಒಂದು ಕೂದಲು ಬಿದ್ದಿದ್ದರೂ ಕಣ್ಣು ಮುಚ್ಚಿಕೊಂಡು ಇಲ್ಲಿದೆ ಎಂದು ಹೇಳುವ ಅಂಗೈ ಅದು. ಇಟಲಿಯ ನಮ್ಮ ಮೋದೆನಾದಲ್ಲಿ ಅಂಥವರು ಒಂದು ಕಾಲಕ್ಕೆ ಇನ್ನೂರು ಮಂದಿ ಇದ್ದರು. ಈಗ ಲೆಕ್ಕಕ್ಕೆ ಒಂದು ಕೈಯ ಬೆರಳು ಸಾಕು.

ನಾನು ನೀವೆಸ್. ಕಾರಿನ ಸೀಟು ಹೊಲಿಯುವವಳು. ನಾನು ಮತ್ತು ಮೆದಾರ್ದೊ ಇಬ್ಬರೂ ಯಜಮಾನ ಗುವಾಲ್ದಿಯ ಕೊಟ್ಟಿಗೆಯಲ್ಲಿ ಕೆಲಸ ಕಲಿತವರು. ಎದುರು ಬೀದಿಯ ಕಾರ್ಖಾನೆಯಿಂದ ಎಂಜಿನ್ನು, ಚಕ್ರ, ಅಸ್ಥಿಪಂಜರ ಬರುತ್ತಿತ್ತು. ಅದಕ್ಕೆ ಮೈ ಕೊಡುವುದು ನಮ್ಮ ಕೆಲಸ. ದೂರದೂರಿಗೆ ವೇಗವಾಗಿ, ಸುಖವಾಗಿ ಹೋಗಿಬರಲಿ ಎಂದು ಶ್ರೀಮಂತರು ಮಾಡಿಸಿಕೊಳ್ಳುತ್ತಿದ್ದ ಎರಡು ಬಾಗಿಲಿನ ಕಾರುಗಳು. ಇವತ್ತು ಸಂಗ್ರಹಕಾರರು ಅವನ್ನು ಮುಟ್ಟುವ ಮೊದಲು ಕೈಗೆ ಬಿಳಿ ಗವಸು ಹಾಕಿಕೊಳ್ಳುತ್ತಾರೆ. ನಾವು ಅವುಗಳ ಬಾನೆಟ್ಟಿನ ಮೇಲೆ ರೊಟ್ಟಿ, ಮೊರ್ತದೆಲ್ಲ ಎಂಬ ಹಂದಿಮಾಂಸದ ಹೋಳು ಇಟ್ಟುಕೊಂಡು ಊಟ ಮಾಡಿದವರು.

ಮೈ ಕೊಡುವುದೆಂದರೆ ಅಚ್ಚಿಗೆ ಹಾಕಿ ಒತ್ತುವುದಲ್ಲ. ಅಲ್ಯೂಮಿನಿಯಂ ತಗಡನ್ನು ಗುಳಿ ತೋಡಿದ ಮರದ ದಿಮ್ಮಿಯ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಉಬ್ಬಿಸುವುದು. ಆಕಾರಕ್ಕೆ ಕಬ್ಬಿಣದ ತಂತಿಯ ಒಂದು ಪಂಜರವಿರುತ್ತದೆ. ತಗಡು ಅದರ ಮೇಲೆ ಕೂತರೆ ಕೂತಿತು, ಇಲ್ಲದಿದ್ದರೆ ಮತ್ತೆ ದಿಮ್ಮಿಗೆ. ಒಂದು ಕಾರಿಗೆ ಇಬ್ಬರು. ಎಡಗಡೆ ಮೆದಾರ್ದೊ, ಬಲಗಡೆ ಲೇರ್ಕೊ ಬಾರ್ಬೊಲೀನಿ. ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ಮಾಡಿದ್ದರಿಂದ ಆ ಕಾಲದ ಯಾವ ಕಾರಿನ ಎರಡು ಪಕ್ಕವೂ ತದ್ರೂಪವಲ್ಲ. ಇದನ್ನು ತಿಳಿಯದವರು ಅಳತೆಪಟ್ಟಿ ಹಿಡಿದು ಗಾಬರಿಯಾಗುತ್ತಾರೆ, ಪಾಪ.

ಗುವಾಲ್ದಿಯ ಕೊಟ್ಟಿಗೆಯಲ್ಲಿ ಅಳತೆಪಟ್ಟಿಗಿಂತ ದೊಡ್ಡ ನಿಯಮ ಒಂದಿತ್ತು. ಕೆಲಸ ಮುಗಿದ ಮೇಲೆ ಇಬ್ಬರೂ ಜಾಗ ಬದಲಾಯಿಸಬೇಕು. ಎಡದವನು ಬಲಕ್ಕೆ, ಬಲದವನು ಎಡಕ್ಕೆ. ಕಣ್ಣು ಮುಚ್ಚಿ, ಮುಂದಿನ ದೀಪ ಕೂರುವ ಬಾಯಿಯಿಂದ ಬಾಗಿಲಿನವರೆಗೆ ಅಂಗೈ ಆಡಿಸಬೇಕು. ಎಲ್ಲೂ ಕೈ ಎಡವದಿದ್ದರೆ "ಸಾಗಲಿ" ಅನ್ನಬೇಕು. ಆ ಮಾತು ಬರದೆ ಕಾರು ಬಣ್ಣದ ಕೋಣೆಗೆ ಹೋಗುವಂತಿಲ್ಲ.

ಮೆದಾರ್ದೊ ಮತ್ತು ಲೇರ್ಕೊ ಆರು ವರ್ಷ ಹಾಗೆ ಒಬ್ಬರ ಕೆಲಸ ಒಬ್ಬರು ಸವರಿ ನೋಡಿ ಬಾಳಿದರು. ಗುಣ ಮಾತ್ರ ಎಣ್ಣೆ ಸೀಗೆಕಾಯಿ. ಲೇರ್ಕೊ ಬಾಯಿಬಡುಕ, ಇಸ್ಪೀಟಿನ ಹುಚ್ಚ, ಸೋಮವಾರ ಬಂದರೆ ತಡ. ಮೆದಾರ್ದೊ ಚರ್ಚಿನ ಗಂಟೆಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದ. ಆದರೂ ಬುತ್ತಿ ಹಂಚಿಕೊಂಡೇ ಉಣ್ಣುತ್ತಿದ್ದರು, ಅವನ ಲಂಬ್ರುಸ್ಕೊ ವೈನು ಇವನು ಕುಡಿಯುತ್ತಿದ್ದ. ಮೆದಾರ್ದೊನ ಮದುವೆಯಲ್ಲಿ ಸಾಕ್ಷಿ ನಿಂತವನೂ ಲೇರ್ಕೊನೇ.

ಅರವತ್ತೆರಡರಲ್ಲಿ ಒಂದೇ ಪಂಜರದ ಮೇಲೆ ಎರಡು ಕಾರು ಮಾಡಿದರು. ಮೊದಲನೆಯದು ಬೂದು ಬಣ್ಣದ್ದು. ಮಿಲಾನಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಅರ್ಜೆಂಟೀನಾ ಸೇರಿತು. ಎರಡನೆಯದು ನೀಲಿ. ಡಿಸೆಂಬರಿನ ಒಂದು ಸೋಮವಾರ ಅದು ಬಣ್ಣಕ್ಕೆ ಹೋಯಿತು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನ ಮೆದಾರ್ದೊನ ಮಾವನ ಮನೆಯಲ್ಲಿ ಹಂದಿ ಕಡಿದಿದ್ದರು, ಅವನು ನಮಗೆಲ್ಲ ಹಸಿ ಸಾಸೇಜು ತಂದು ಹಂಚಿದ್ದ.

ಬಣ್ಣ ಒಣಗಿ ದೀಪ ಕೂರಿಸಿದಾಗ ನೋಡಿದರೆ ಕಾರಿಗೆ ಮೆಳ್ಳೆಗಣ್ಣು. ಒಂದು ದೀಪ ಇನ್ನೊಂದಕ್ಕಿಂತ ಮೇಲೆ ನೋಡುತ್ತಿತ್ತು. ಕಾರು ಮಾಡಿಸಿದವನು ಬಂದು ಸುತ್ತ ಒಂದು ಸಲ ತಿರುಗಿದ, ಹ್ಯಾಟು ಹಾಕಿಕೊಂಡು ಹೊರಟುಹೋದ. ಎಡಗೆನ್ನೆ ಎತ್ತರವೋ ಬಲಗೆನ್ನೆ ತಗ್ಗೋ, ಯಾರಿಗೆ ಗೊತ್ತು? ಕೆನ್ನೆ ಅಂದರೆ ಮುಂದಿನ ಚಕ್ರದ ಮೇಲಿನ ಉಬ್ಬು, ನಮ್ಮಲ್ಲಿ ಹಾಗೇ ಕರೆಯುವುದು. ಒರೆಗೆ ಹಚ್ಚೋಣವೆಂದರೆ ತಂತಿಯ ಪಂಜರವನ್ನು ಅದೇ ವಾರ ಕತ್ತರಿಸಿ ಬೇರೆ ಕಾರಿಗೆ ಬಗ್ಗಿಸಿಯಾಗಿತ್ತು. ಕೊಟ್ಟಿಗೆಯ ನೆಲವೇ ಸಮ ಇರಲಿಲ್ಲ ಬಿಡಿ.

ಲೇರ್ಕೊ, "ಎಡಗೆನ್ನೆ ನಾನು ಮುಟ್ಟೇ ಇಲ್ಲ, ನನ್ನ ಬಾಯಲ್ಲಿ ಸಾಗಲಿ ಅನ್ನೋ ಮಾತೂ ಬಂದಿಲ್ಲ" ಎಂದ. ಮೆದಾರ್ದೊ, "ಮುಟ್ಟಿದ, ಸಾಗಲಿ ಅಂದ" ಎಂದ. ಹಾಗಾದರೆ ಎಡಗೆನ್ನೆ ಇಬ್ಬರ ಕೈಯಲ್ಲೂ ಪಾಸಾಗಿದೆ, ತಪ್ಪು ಬಲಗಡೆಯದು, ಅದು ಮೆದಾರ್ದೊನ ಕೈಗೆ ಸಿಗದೆ ಹೋಗಿದೆ ಎಂದು ಯಜಮಾನ ತೀರ್ಮಾನಿಸಿದ. ತಪ್ಪಿಗಿಂತ ಸುಳ್ಳು ದೊಡ್ಡದು ಎಂದು ಲೇರ್ಕೊನನ್ನು ಅದೇ ಸಂಜೆ ಕೆಲಸದಿಂದ ತೆಗೆದ. ಇಸ್ಪೀಟಾಡುವವನ ಮಾತನ್ನು ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ.

ಲೇರ್ಕೊ ಹತ್ತು ಹನ್ನೆರಡು ಮೈಲು ಆಚೆಯ ಕಾಸ್ತೆಲ್ವೇತ್ರೊಕ್ಕೆ ಹೋಗಿ ಚೀಸ್ ಮಾಡುವವರಿಗೆ ತಾಮ್ರದ ಕೊಪ್ಪರಿಗೆ ಬಡಿಯತೊಡಗಿದ. ನೀಲಿ ಕಾರನ್ನು ತಿಂಕಾನಿ ಎಂಬ ಚೀಸ್ ವ್ಯಾಪಾರಿ ಅಗ್ಗಕ್ಕೆ ಕೊಂಡು, ಹಿಂದಿನ ಸೀಟಿನ ಮೇಲೆ ಪರ್ಮೆಸಾನ್ ಚೀಸಿನ ಗಾಲಿಯಾಕಾರದ ದೊಡ್ಡ ದೊಡ್ಡ ಗಟ್ಟಿ ಹೇರಿಕೊಂಡು ಓಡಾಡಿದ. ಮೆದಾರ್ದೊ ಅಲ್ಲಿಂದ ಮುಂದೆ ಯಾರ ಜೊತೆಗೂ ಜೋಡಿ ಕಟ್ಟಲಿಲ್ಲ. ಎರಡೂ ಕಡೆ ತಾನೇ ತಟ್ಟಿದ. ನಿಧಾನದ ಕೆಲಸ ಎಂದು ಬೈಸಿಕೊಂಡ, ಆದರೂ ಕಟ್ಟಲಿಲ್ಲ. ಅವನ ಹೆಂಡತಿ ದಿರ್ಚೆ ಸತ್ತಾಗ ಲೇರ್ಕೊ ಸ್ಮಶಾನದ ಗೇಟಿನವರೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತು, ಒಳಗೆ ಬಾರದೆ ವಾಪಸು ಹೋದನಂತೆ. ನಾನು ಅವನನ್ನು ಸಂತೆಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದೆ. ಸುಳ್ಳ ಎಂದು.

ಗುವಾಲ್ದಿ ಸತ್ತ, ಕೊಟ್ಟಿಗೆ ಮುಚ್ಚಿತು. ನಾನು ಮನೆಯ ಹಿಂದೆ ಹಳೆ ಕಾರು ರಿಪೇರಿಯ ಸಣ್ಣ ಶೆಡ್ಡು ತೆರೆದೆ. ಮೆದಾರ್ದೊ ಪಿಂಚಣಿ ಬಂದ ಮೇಲೂ ದಿನಾ ಬೆಳಗ್ಗೆ ಏಳಕ್ಕೆ ಬಂದು ಕೂರುತ್ತಾನೆ. ಬೇಡ ಅಂದರೂ ಬರುತ್ತಾನೆ.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಸ್ಟೂಕಿ ಎಂಬ ಸಂಗ್ರಹಕಾರ ಬಂದ. ಬೂದು ಕಾರು ಅರ್ಜೆಂಟೀನಾದಿಂದ ಮರಳಿ ವ್ಯಾಪಾರಿಯೊಬ್ಬನ ಕೈಗೆ ಬಂದಿತ್ತು. ನೀಲಿ ಕಾರು ತಿಂಕಾನಿಯ ಮಗಳು ಲೋರೆದಾನಾಳ ಬಳಿ ಇತ್ತು. ಎರಡರಲ್ಲಿ ಒಂದನ್ನು ಕೊಳ್ಳಬೇಕು, ಪಕ್ಕಪಕ್ಕ ನಿಲ್ಲಿಸಿ ಹೋಲಿಸಬೇಕು ಎಂದ. ಎರಡನ್ನೂ ನನ್ನ ಶೆಡ್ಡಿಗೆ ತರಿಸಿದೆವು. ಹುಟ್ಟಿದ ಮೇಲೆ ಅಕ್ಕತಂಗಿ ಒಂದೆಡೆ ಸೇರಿದ್ದು ಅದೇ ಮೊದಲು.

ಸ್ಟೂಕಿ ಕೆಟ್ಟವನಲ್ಲ. ಬೇಜಾರು ಹಿಡಿಸುವವನು ಅಷ್ಟೆ. ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವೊಂದನ್ನು ಕಾರಿನ ಮೈಮೇಲೆಲ್ಲ ಆಡಿಸಿದ. ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ, ಬೂದು ಕಾರಿನ ಬಾಗಿಲಿಗೆ ಮಾತ್ರ ಟಪ್ ಎಂದು ಅಂಟಿತು. ಅಲ್ಲಿ ಯಾರೋ ಉಕ್ಕಿನ ಬಾಗಿಲು ಹಾಕಿದ್ದರು. ಎಂಜಿನ್ನೂ ಬೇರೆಯದು, ಚರ್ಮವೂ ಬೇರೆಯದು, ಹೊಲಿಗೆ ನೋಡಿದರೆ ನನಗೆ ವಾಂತಿ ಬರುವಂತಿತ್ತು. ಆದರೆ ಮುಖ ನೆಟ್ಟಗಿತ್ತು, ಓಟ ಸೊಗಸಾಗಿತ್ತು. ನೀಲಿ ಕಾರಿನಲ್ಲಿ ಎಲ್ಲವೂ ಅದರದೇ. ಎಂಜಿನ್ನು, ಕೀಲಿ, ನನ್ನ ಹದಿನಾರನೇ ವಯಸ್ಸಿನ ಹೊಲಿಗೆ ಎಲ್ಲ. ಹಿಂದಿನ ಸೀಟಿನಲ್ಲಿ ಇನ್ನೂ ಚೀಸಿನ ವಾಸನೆ. ಕಣ್ಣು ಮಾತ್ರ ಮೆಳ್ಳೆ.

"ನೀಲಿನೇ ನನಗಿಷ್ಟ" ಎಂದ ಸ್ಟೂಕಿ. "ಆದರೆ ಈ ಮುಖ ಹೊತ್ತು ಪ್ರದರ್ಶನಕ್ಕೆ ಹೋಗೋಕಾಗಲ್ಲ. ತಪ್ಪಿರೋ ಕೆನ್ನೆ ಕೊಯ್ದು ಸರಿಮಾಡಿಕೊಡಿ. ಎರಡು ವಾರ ಸಾಕಾ? ಯಾವ ಕಡೆದು ತಪ್ಪು?"

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಲಗಡೆದು. ಇದು ಇಡೀ ಊರಿಗೇ ಗೊತ್ತು" ಎಂದೆ. ಸೀಮೆಸುಣ್ಣ ತೆಗೆದು ಬಲಗೆನ್ನೆಯ ಮೇಲೆ ಎಲ್ಲಿ ಕೊಯ್ಯಬೇಕೆಂದು ಗೆರೆಯನ್ನೂ ಎಳೆದೆ.

"ಸ್ವಲ್ಪ ತಡಿ, ಎರಡೂ ಇಲ್ಲೇ ಇದಾವಲ್ಲ" ಎಂದ ಮೆದಾರ್ದೊ.

ಕೈ ತೊಳೆದುಕೊಂಡು ಬಂದ. ಕಣ್ಣು ಮುಚ್ಚಿ ಬೂದು ಕಾರಿನ ಬಲಗೆನ್ನೆಯ ಮೇಲೆ ಅಂಗೈ ಆಡಿಸಿದ. ಆಮೇಲೆ ನೀಲಿ ಕಾರಿನ ಬಲಗೆನ್ನೆ. ಮತ್ತೆ ಬೂದು. ಮತ್ತೆ ನೀಲಿ. ಆಗ ಅವನ ಮುಖದ ಬಣ್ಣ ಇಳಿಯಿತು. ಎಡಗಡೆಗೆ ಹೋದ. ಬೂದು, ನೀಲಿ. ಮೂರು ಸಲ ಮಾಡಿದ. ನಾಲ್ಕನೇ ಸಲ ಕೈ ಅರ್ಧಕ್ಕೇ ನಿಂತಿತು. ಬೋರಲು ಹಾಕಿದ್ದ ಪೆಟ್ಟಿಗೆಯ ಮೇಲೆ ಕೂತ.

"ನೀವೆಸ್, ಆ ಗೆರೆ ಅಳಿಸು. ಬಲಗೆನ್ನೆ ಎರಡರಲ್ಲೂ ಒಂದೇ. ಎಡಗೆನ್ನೆ ಬೇರೆ. ತಪ್ಪು ನಂದು."

ಒಂದೇ ಕಾರು ಎದುರಿಗಿದ್ದರೆ ಯಾವ ಕಡೆ ತಪ್ಪೆಂದು ದೇವರಿಗೂ ಹೇಳಲಾಗುತ್ತಿರಲಿಲ್ಲ. ಎರಡು ನಿಂತಾಗ ಕುರುಡನಿಗೂ ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಗೆರೆ ಎಳೆದು ಕೂತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಆದರೂ ಅವನನ್ನು ಸಮಾಧಾನ ಮಾಡಹೋದೆ. "ಹೋಗ್ಲಿ ಬಿಡು. ಲೇರ್ಕೊನೂ ಸಾಗಲಿ ಅಂದಿದ್ದನಲ್ಲ. ಅವನ ಕೈಗೂ ಸಿಕ್ಕಿಲ್ಲ ಅಷ್ಟೆ."

"ಅವನು ಕೈ ಆಡಿಸಿರಲಿಲ್ಲ" ಎಂದ ಮೆದಾರ್ದೊ.

ನಾನು ಸೀಮೆಸುಣ್ಣ ಹಿಡಿದೇ ನಿಂತೆ. ಅವನು ನೆಲ ನೋಡುತ್ತ ಹೇಳಿದ. ಆ ಸೋಮವಾರ ಲೇರ್ಕೊ ಬಂದದ್ದೇ ಹತ್ತು ಗಂಟೆಯ ಮೇಲೆ. ಯಜಮಾನ ಎಂಟಕ್ಕೇ ಬಂದು, ಇಬ್ಬರೂ ನೋಡಿಯಾಯಿತಾ ಎಂದು ಕೇಳಿದ. ಬಂದಿಲ್ಲ ಎಂದರೆ ಲೇರ್ಕೊನ ಕೆಲಸ ಹೋಗುತ್ತದೆ, ಮೂರು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಗೆಳೆಯನನ್ನು ಉಳಿಸಲು, "ಆಡಿಸಿದ, ಸಾಗಲಿ ಅಂದ, ಬೆಸುಗೆ ಗ್ಯಾಸ್ ತರೋಕೆ ಹೋಗಿದಾನೆ" ಎಂದುಬಿಟ್ಟ. ಕಾರು ಬಣ್ಣಕ್ಕೆ ಹೋಯಿತು. ಆಮೇಲೆ ಕಣ್ಣು ಮೆಳ್ಳೆಯಾದಾಗ ಅದೇ ಮಾತು ಗೆಳೆಯನ ಕುತ್ತಿಗೆಗೆ ಸುತ್ತಿಕೊಂಡಿತು.

"ಆಗಲಾದ್ರೂ ನಿಜ ಹೇಳೋಕೆ ಏನಾಗಿತ್ತು ನಿನಗೆ?"

"ಎಡಗೆನ್ನೆ ಸರಿಯಿದೆ ಅಂತ ನನಗೆ ಖಾತ್ರಿ ಇತ್ತು. ಅವನು ಮುಟ್ಟಿದ್ರೂ ಸಾಗಲಿ ಅಂತಿದ್ದ, ಏನು ವ್ಯತ್ಯಾಸ ಅಂದ್ಕೊಂಡೆ. ಹಿಂದಿನ ದಿನ ಪೂರ್ತಿ ಹಂದಿಮಾಂಸಕ್ಕೆ ಉಪ್ಪು ತಿಕ್ಕಿದ್ದೆ. ಅಂಗೈ ಬಿರಿದು ಮರದ ಹಾಗಾಗಿತ್ತು. ಅಂಥ ಕೈಯಲ್ಲಿ ಕೊನೇ ಸವರು ಸವರಬಾರದು ಅಂತ ಕೆಲಸ ಕಲಿಯೋ ಹುಡುಗರಿಗೂ ಗೊತ್ತು. ನನಗೆ ನನ್ನ ಕೈ ಮೇಲೆ ಅಷ್ಟು ಜಂಬ."

ನನಗೆ ಮೈಯೆಲ್ಲ ಉರಿದುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಬ್ಬ ಮನುಷ್ಯನನ್ನು ನಲವತ್ತೊಂದು ವರ್ಷ ಸುಳ್ಳ ಅಂದುಕೊಂಡು ಸಂತೆಯಲ್ಲಿ ಮುಖ ತಿರುಗಿಸಿದ್ದು ನಾನು. ಬಾಯಿಗೆ ಬಂದದ್ದೆಲ್ಲ ಬೈದೆ. ಸ್ಟೂಕಿ ಅಯಸ್ಕಾಂತ ಜೇಬಿಗಿಟ್ಟುಕೊಂಡು ಬಾಗಿಲ ಕಡೆ ಸರಿದ. ಮೆದಾರ್ದೊ ಎಲ್ಲ ಕೇಳಿಸಿಕೊಂಡು, "ನನ್ನನ್ನ ಅವನ ಹತ್ರ ಕರ್ಕೊಂಡು ಹೋಗು" ಎಂದ. "ಅವನು ಬಂದು ಮುಟ್ಟೋವರೆಗೆ ಈ ಕಾರಿಗೆ ನಾನು ಕೈ ಹಚ್ಚಲ್ಲ."

"ಅವನು ಬರದಿದ್ರೆ?"

"ಅವನ ಬಾಗಿಲಲ್ಲೇ ಕೂತಿರ್ತೀನಿ. ನನಗೇನು ಮನೇಲಿ ಮಕ್ಕಳು ಅಳ್ತಿದಾವಾ?"

ಲೇರ್ಕೊ ಅಂಗಳದಲ್ಲಿ ಮಗುಚಿಟ್ಟ ಕೊಪ್ಪರಿಗೆಯೊಂದರ ತಳ ತಟ್ಟುತ್ತಿದ್ದ. ಎಪ್ಪತ್ತಾರು ವರ್ಷ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪಾಗಿರಲಿಲ್ಲ. ನಮ್ಮನ್ನು ನೋಡಿಯೂ ಸುತ್ತಿಗೆ ನಿಲ್ಲಿಸಲಿಲ್ಲ. "ಯಾರೋ ಸತ್ತಿರ್ಬೇಕು. ಇಲ್ಲದಿದ್ರೆ ಇವನು ಇಲ್ಲಿಗೆ ಬರೋನಲ್ಲ."

"ಯಾರೂ ಸತ್ತಿಲ್ಲ, ಲೇರ್ಕೊ" ಎಂದ ಮೆದಾರ್ದೊ. "ಎಡಗೆನ್ನೆ ತಪ್ಪಿತ್ತು. ಬಲಗಡೆದು ಸರಿಯಾಗಿತ್ತು. ನೀನು ಮುಟ್ಟಿರಲಿಲ್ಲ, ಮುಟ್ಟಿದಾನೆ ಅಂತ ನಾನು ಸುಳ್ಳು ಹೇಳಿದೆ."

ಸುತ್ತಿಗೆ ನಿಂತಿತು. ಲೇರ್ಕೊ ನನ್ನ ಕಡೆ ತಿರುಗಿದ. "ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ. ನಿನ್ನನ್ನ ಸುಳ್ಳ ಅಂದ್ಕೊಂಡಿದ್ದೆ ನಾನು. ತಪ್ಪಾಯ್ತು ಕಣಣ್ಣ" ಎಂದೆ.

"ನನ್ನ ಹೆಂಡತಿನೂ ಹಾಗೇ ಅಂದ್ಕೊಂಡು ಸತ್ತಳು" ಎಂದ ಲೇರ್ಕೊ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ನಲವತ್ತೊಂದು ವರ್ಷ ತಾಮ್ರ ಬಡಿದೆ. ತಾಮ್ರದ ಕೊಪ್ಪರಿಗೆಗೆ ಎಡ ಬಲ ಅಂತ ಇಲ್ಲ, ಅದೊಂದು ಸುಖ. ಹೇಳಿ ಆಯ್ತಲ್ಲ, ಹೋಗಿ ಈಗ."

ಮೆದಾರ್ದೊ ಹೋಗಲಿಲ್ಲ, ಕ್ಷಮಿಸು ಅಂತಲೂ ಬೇಡಲಿಲ್ಲ. ಬೇಡಿದ್ದರೆ ಲೇರ್ಕೊ ನಾಯಿ ಬಿಡುತ್ತಿದ್ದನೋ ಏನೋ. "ಬೂದು ಕಾರು ವಾಪಸು ಬಂದಿದೆ" ಎಂದ. "ಎರಡೂ ಪಕ್ಕಪಕ್ಕ ನಿಂತಿದಾವೆ. ನಿನ್ನ ಬಲಗೆನ್ನೆ ಎರಡರಲ್ಲೂ ಒಂದೇ ಕಣೋ. ನಾಲ್ಕು ಸಲ ಸವರಿದೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅಂಥ ಕೈ ನಾನು ಬೇರೆ ಯಾರದ್ದೂ ನೋಡಿಲ್ಲ."

ಲೇರ್ಕೊ ಕೊಪ್ಪರಿಗೆಯ ಅಂಚನ್ನು ಒಂದು ಸಲ ಸವರಿದ. "ಅರ್ಜೆಂಟೀನಾದಲ್ಲಿ ಯಾವನಾದ್ರೂ ತಗ್ಗು ಮುಚ್ಚೋಕೆ ಅದಕ್ಕೆ ಮೇಣ ಮೆತ್ತಿದಾನಾ?"

"ಬಾಗಿಲು ಕೆಡಿಸಿದಾರೆ. ಕೆನ್ನೆ ನಿಂದೇ."

ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ. ನನ್ನ ಕಾರಿನಲ್ಲಿ ತಾನು ಮುಂದೆ ಕೂತು, "ಇವನು ಹಿಂದೆ ಕೂತ್ಕೊಳ್ಳಿ" ಎಂದ. ದಾರಿಯುದ್ದಕ್ಕೂ ನನ್ನ ಡ್ರೈವಿಂಗ್ ಬಗ್ಗೆ ಕೊಂಕು ತೆಗೆದ.

ಶೆಡ್ಡಿನಲ್ಲಿ ಮೊದಲು ತನ್ನ ಕೆಲಸವನ್ನೇ ಸವರಿದ. ಬೂದು, ನೀಲಿ. ತುಟಿಯ ಕೊನೆ ಸ್ವಲ್ಪ ಮೇಲೆ ಹೋಯಿತು, ತಕ್ಷಣ ಕೆಮ್ಮಿ ಅದನ್ನು ಮುಚ್ಚಿಕೊಂಡ. ಆಮೇಲೆ ನೀಲಿ ಕಾರಿನ ಎಡಕ್ಕೆ ಬಂದ. ನಲವತ್ತೊಂದು ವರ್ಷ ಹಿಂದೆ ಒಂದು ಸೋಮವಾರ ಬೆಳಗ್ಗೆ ಇಡಬೇಕಿದ್ದ ಕೈಯನ್ನು ಅಲ್ಲಿಟ್ಟ. ದೀಪದಿಂದ ಒಂದು ಗೇಣು ಹಿಂದೆ ಕೈ ಎಡವಿತು.

"ಇಲ್ಲಿ" ಎಂದ. "ಹಂದಿ ಕಡಿದ ಮಾರನೇ ದಿನ ಅಲ್ವಾ?"

"ಹೂಂ."

"ಉಪ್ಪಿನ ಕೈ. ನನಗಾಗಿ ಕಾಯ್ಬೇಕಿತ್ತು ನೀನು."

"ಕಾಯ್ಬೇಕಿತ್ತು."

ಲೇರ್ಕೊ ಕೈ ತೆಗೆಯದೆ ಹೇಳಿದ. "ನಾನೂ ಏಳಕ್ಕೆ ಬರ್ಬೇಕಿತ್ತು. ಬೆಳಗಿನ ಜಾವದವರೆಗೆ ಇಸ್ಪೀಟಾಡಿದ್ದೆ. ಅದನ್ನ ನಾನೂ ಯಾರ ಹತ್ರಾನೂ ಹೇಳಿಲ್ಲ."

ಸ್ಟೂಕಿ ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಇನ್ನೆಷ್ಟು ದಿನ ಬೇಕು ಎಂದು ಕೇಳಿದ. "ಆದಷ್ಟು ದಿನ" ಎಂದ ಲೇರ್ಕೊ. ಮೇ ತಿಂಗಳ ಹಳೆ ಕಾರುಗಳ ಓಟಕ್ಕೆ ಕಾರು ಬೇಕೇ ಬೇಕು ಎಂದು ಸ್ಟೂಕಿ ಬೂದು ಕಾರನ್ನೇ ಕೊಂಡ. ತಪ್ಪೇನಿಲ್ಲ, ಅದೂ ನಮ್ಮ ಮಗುವೇ. ಉಕ್ಕಿನ ಬಾಗಿಲು ಬದಲಾಯಿಸಲು ಶರತ್ಕಾಲದಲ್ಲಿ ನಮ್ಮಲ್ಲಿಗೇ ಕಳಿಸುತ್ತೇನೆ ಎಂದು ಹೇಳಿ ಹೋದ. ನೀಲಿ ಕಾರು ಮಾರಾಟವಾಗಲಿಲ್ಲ ಎಂದು ಲೋರೆದಾನಾಳಿಗೆ ಒಳಗೊಳಗೇ ಖುಷಿ. ಕೆನ್ನೆ ಸರಿಯಾಗಲಿ, ಅಪ್ಪನ ಕಾರನ್ನು ತಾನೇ ಓಡಿಸುತ್ತೇನೆ ಎಂದಳು.

ಬೂದು ಕಾರು ಹೋಗುವ ಮೊದಲೇ ಅದರ ಎಡಗೆನ್ನೆಯ ಮೇಲೆ ತಂತಿ ಬಗ್ಗಿಸಿ ಆಕಾರ ಹಿಡಿದಿಟ್ಟುಕೊಂಡಿದ್ದೆವು. ನೀಲಿ ಕಾರಿನ ಎಡಗೆನ್ನೆ ಕೊಯ್ದೆವು. "ನಿನ್ನ ತಪ್ಪು ನೀನೇ ತಟ್ಟು. ನಾನು ಸುತ್ತಿಗೆ ಮುಟ್ಟಲ್ಲ" ಎಂದ ಲೇರ್ಕೊ. ಆದರೆ ದಿನಾ ಬಸ್ಸು ಹಿಡಿದು ಬಂದ. ಎಂಟಕ್ಕೆ, ಒಂಬತ್ತಕ್ಕೆ, ಮನಸ್ಸು ಬಂದಾಗ. ಮೆದಾರ್ದೊ ತಟ್ಟುತ್ತಿದ್ದರೆ ಇವನು ಬೆನ್ನು ತಿರುಗಿಸಿ ಕೂತು ಶಬ್ದ ಕೇಳುತ್ತಿದ್ದ. "ಗಟ್ಟಿಯಾಯ್ತು." "ಅಲ್ಲೇ ಇನ್ನೊಂದು." "ಅದೇನು ಹಿಟ್ಟು ನಾದ್ತಾ ಇದೀಯಾ?" ಮೆದಾರ್ದೊನ ಭುಜ ಊದಿಕೊಂಡಿತು. ರಾತ್ರಿ ಎಣ್ಣೆ ತಿಕ್ಕಿಕೊಂಡು ಬೆಳಗ್ಗೆ ಮತ್ತೆ ಬಂದ. ಹತ್ತನೇ ದಿನ ಕೆನ್ನೆ ಸಿದ್ಧವಾಯಿತು ಎಂದ. ಲೇರ್ಕೊ ಸವರಿ, "ಇಲ್ಲ" ಎಂದ. ಹದಿಮೂರನೇ ದಿನವೂ ಇಲ್ಲ. ನನಗೇ ತಡೆಯಲಾಗದೆ, "ಸೇಡು ತೀರಿಸ್ಕೊಳ್ತಾ ಇದೀಯಾ?" ಎಂದು ಕೇಳಿದೆ.

"ಸೇಡಾಗಿದ್ರೆ ಮೊದಲ್ನೇ ದಿನವೇ ಸಾಗಲಿ ಅಂತಿದ್ದೆ" ಎಂದ.

ಹತ್ತೊಂಬತ್ತನೇ ದಿನ, ಶುಕ್ರವಾರ. ಕೆನ್ನೆ ಕೂರಿಸಿ ಬೆಸುಗೆ ಹಾಕಿ ಉಜ್ಜಿಯಾಗಿತ್ತು. ಮೆದಾರ್ದೊ ಗೋಡೆಗೆ ಒರಗಿ ನಿಂತಿದ್ದ. ಲೇರ್ಕೊ ಕೈ ತೊಳೆದ, ಒರೆಸಿಕೊಂಡ, ಕಣ್ಣು ಮುಚ್ಚಿದ. ದೀಪದ ಬಾಯಿಯಿಂದ ಬಾಗಿಲಿನವರೆಗೆ ಕೈ ಹೋಯಿತು. ವಾಪಸು ಬಂತು. ಇನ್ನೊಂದು ಸಲ ಹೋಯಿತು.

"ಸಾಗಲಿ" ಎಂದ ಲೇರ್ಕೊ.

ಮೆದಾರ್ದೊ ಹಿಂದಿನ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ನೀರು ಬಹಳ ಹೊತ್ತು ಹರಿಯಿತು. ನಾನು ಲಂಬ್ರುಸ್ಕೊ ತೆಗೆದು ಮೂರು ಬಟ್ಟಲಿಗೆ ಸುರಿದೆ. ಅವನು ವಾಪಸು ಬಂದಾಗ ಲೇರ್ಕೊ ಮೂಲೆಯಲ್ಲಿದ್ದ ಇನ್ನೊಂದು ಕಾರಿನ ಸುತ್ತ ತಿರುಗುತ್ತಿದ್ದ. ಬೊಲೋನ್ಯಾದ ಡಾಕ್ಟರೊಬ್ಬರದು, ಮುಂಭಾಗ ಪೂರ್ತಿ ಜಜ್ಜಿಹೋಗಿತ್ತು. ಎರಡೂ ಕೆನ್ನೆ ಹೊಸದಾಗಿ ಮಾಡಬೇಕಿತ್ತು.

"ಇದನ್ನ ಯಾರು ಮಾಡ್ತಾರೆ?" ಎಂದು ಕೇಳಿದ.

"ನಾನೇ" ಎಂದ ಮೆದಾರ್ದೊ. "ಎಡಗಡೆ."

ಲೇರ್ಕೊ ಬಟ್ಟಲು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಕೋಟು ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, "ಸೋಮವಾರ ಎಷ್ಟು ಗಂಟೆಗೆ?" ಎಂದ.

"ಏಳಕ್ಕೆ."

"ನೋಡೋಣ" ಎಂದು ಹೇಳಿ ಹೋದ.

ಸೋಮವಾರ ಆರೂವರೆಗೆ ನಾನು ಕೀಲಿ ಹಿಡಿದು ಹೋದಾಗ ಶೆಡ್ಡಿನ ಮುಂದೆ ಲೇರ್ಕೊ ಒಬ್ಬನೇ ನಿಂತಿದ್ದ. ತನ್ನ ಸುತ್ತಿಗೆ ತಾನೇ ತಂದಿದ್ದ. "ಆ ಗಿಡ್ಡ ಇನ್ನೂ ಬಂದಿಲ್ವಾ?" ಎಂದು ಕೇಳಿದ.